ಡೆಕ್ ಮೇಲೆ ಜನರೇಟರ್, ಕ್ಯಾಬಿನ್ ಒಳಗೆ ಎಸಿ: ದಯವಿಟ್ಟು ಬೇಡ

ಬೇಸಿಗೆ ಶುರುವಾದರೆ ಸಾಕು, ಸಣ್ಣ ಕ್ಯಾಬಿನ್ ಬೋಟ್ ಇರುವವರಿಂದ ಎಸಿ ಬಗ್ಗೆ ಪ್ರಶ್ನೆಗಳು ಬರತೊಡಗುತ್ತವೆ. ಅದರಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಒಂದೇ ಮಾತಿನಲ್ಲಿ ಬೇಡ ಅಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಬಿಟಿಯು ಅಂದರೇನು, ಕಂಪ್ರೆಸರ್ ಏನು ಮಾಡುತ್ತದೆ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಬೋಟಿಗೆ ಎಸಿ ಕೂರಿಸಲು ಹೊರಟವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನನ್ನದು 24 ಅಡಿಯ ಬೋಟು. ಕ್ಯಾಬಿನ್‌ನಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು ಮಲಗುತ್ತೇವೆ. ಲಂಗರು ಹಾಕಿ ಮಲಗಿದರೆ ಸೆಕೆ ತಡೆಯೋಕಾಗಲ್ಲ. ಮನೆಯಲ್ಲಿ ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಪೋರ್ಟಬಲ್ ಎಸಿ ಇದೆ. ಅದನ್ನು ಒಳಗಿಟ್ಟು, ಸಣ್ಣ ಪೆಟ್ರೋಲ್ ಜನರೇಟರ್‌ ಹಿಂದಿನ ಡೆಕ್ ಮೇಲಿಟ್ಟು ರಾತ್ರಿಯೆಲ್ಲ ಓಡಿಸಬಹುದಾ? ಪರಿಚಯದವರೊಬ್ಬರು ಹಾಗೇ ಮಾಡುತ್ತಾರೆ, ಇಲ್ಲಿಯವರೆಗೆ ಏನೂ ಆಗಿಲ್ಲ.

ಉತ್ತರ: ಬೇಡ. ಒಂದು ಗಂಟೆಯ ಮಟ್ಟಿಗೂ ಬೇಡ. ನಿಮ್ಮ ಪರಿಚಯದವರಿಗೆ ಏನೂ ಆಗಿಲ್ಲ ಅಂದರೆ ಗಾಳಿ ಇಷ್ಟು ದಿನ ಅವರನ್ನು ಕಾಪಾಡಿದೆ, ಅಷ್ಟೇ. ಅವರಿಗೂ ಇದನ್ನು ಓದಿ ಹೇಳಿ.

ಪೆಟ್ರೋಲ್ ಎಂಜಿನ್ ಬಿಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಸ್ವಲ್ಪವೇ ಇದ್ದರೂ ಗಂಟೆಗಟ್ಟಲೆ ಉಸಿರಾಡುತ್ತಾ ಮಲಗಿದರೆ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಬೋಟಿನಲ್ಲಿ ಹೀಗಾದರೆ ಎಲ್ಲರೂ ಓಲಾಟದಿಂದ ಬಂತು, ಬಿಸಿಲಿಗೆ ಬಂತು ಅಂದುಕೊಳ್ಳುತ್ತಾರೆ. ಎಚ್ಚರ ಇದ್ದವರು ಎದ್ದು ಹೊರಗಾದರೂ ಬರುತ್ತಾರೆ. ನಿದ್ದೆಯಲ್ಲಿದ್ದವರು ಏಳದೇ ಹೋಗಬಹುದು.

ಜನರೇಟರ್ ಹೊರಗೇ ಇದೆಯಲ್ಲ, ಹೊಗೆಯನ್ನು ಗಾಳಿ ಹೊತ್ತೊಯ್ಯುತ್ತದೆ ಅನ್ನುವುದು ಎಲ್ಲರ ವಾದ. ಸ್ವಲ್ಪ ಯೋಚಿಸಿ. ಲಂಗರನ್ನು ಮುಂದುಗಡೆಯಿಂದ ಬಿಟ್ಟಿರುತ್ತೀರಿ. ಬೋಟು ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಕ್ಯಾಬಿನ್ ಗಾಳಿಗೆ ಅಡ್ಡ ಆಗುತ್ತದೆ. ಅದರ ಹಿಂದೆ, ಸರಿಯಾಗಿ ನೀವು ಜನರೇಟರ್ ಇಟ್ಟ ಜಾಗದಲ್ಲಿ, ಗಾಳಿ ಸುಳಿ ಸುತ್ತಿ ಬಾಗಿಲ ಕಡೆಗೇ ವಾಪಸ್ ಬರುತ್ತದೆ. ನಂಬಿಕೆ ಬರದಿದ್ದರೆ ಒಂದು ಗೇಣು ಉಲ್ಲನ್ ದಾರವನ್ನು ಅಲ್ಲಿ ಹಿಡಿದು ನೋಡಿ. ದಾರದ ತುದಿ ಒಮ್ಮೆ ಹಿಂದಕ್ಕೆ ಹಾರುತ್ತದೆ, ಮರುಕ್ಷಣ ಕ್ಯಾಬಿನ್ ಬಾಗಿಲಿನತ್ತ ತಿರುಗುತ್ತದೆ. ಹೊಗೆಯೂ ಅದೇ ದಾರಿ ಹಿಡಿಯುತ್ತದೆ. ಸೊಳ್ಳೆಗೆ, ಇಬ್ಬನಿಗೆ ಅಂತ ಹಿಂದೆ ಕ್ಯಾನ್ವಾಸ್ ಪರದೆ ಇಳಿಬಿಟ್ಟಿದ್ದರೆ ಇನ್ನೂ ಕೆಟ್ಟದ್ದು.

ಇದರ ಮೇಲೆ ನಿಮ್ಮ ಪೋರ್ಟಬಲ್ ಎಸಿ. ಒಂದೇ ಪೈಪಿನ ಎಸಿ ಕೋಣೆಯೊಳಗಿನ ಗಾಳಿಯನ್ನೇ ಎಳೆದು, ಅದಕ್ಕೆ ಬಿಸಿ ತುಂಬಿ, ಹೊರಗೆ ತಳ್ಳುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲ ಸಂದಿಯಿಂದ ಬರುತ್ತದೆ. ನೆಲದ ಹಲಗೆಯ ಅಂಚಿನಿಂದ, ಅದರ ಕೆಳಗೆ ನೀರು ಸೇರುವ ಬಿಲ್ಜ್‌ನಿಂದ, ಎಂಜಿನ್ ಇರುವ ಜಾಗದಿಂದಲೂ ಬರುತ್ತದೆ. ಅಂದರೆ ಹೊರಗೆ ಹೊಗೆ ಮಾಡಿ, ಒಳಗೆ ಅದನ್ನು ಎಳೆದುಕೊಳ್ಳುವ ಯಂತ್ರವನ್ನೂ ನೀವೇ ಇಟ್ಟಂತಾಯಿತು. ಎರಡು ಪೈಪಿನದಾದರೆ ಈ ಎಳೆತ ಕಡಿಮೆ. ಜನರೇಟರ್ ಬಗ್ಗೆ ಹೇಳಿದ ಮಾತು ಮಾತ್ರ ಆಗಲೂ ಅದೇ.

ಇನ್ವರ್ಟರ್ ಮಾದರಿಯ ಜನರೇಟರ್‌ಗೆ ಹೊಗೆಯೇ ಇಲ್ಲ ಅಂತ ಮಾರುವವರಿದ್ದಾರೆ. ಸದ್ದು ಕಡಿಮೆ ಇರುವುದು ನಿಜ. ಕಾರ್ಬನ್ ಮಾನಾಕ್ಸೈಡ್ ಇಲ್ಲ ಅನ್ನುವುದು ಶುದ್ಧ ಸುಳ್ಳು. ಸೈಲೆನ್ಸರ್‌ಗೆ ಪೈಪ್ ಸಿಕ್ಕಿಸಿ ನೀರಿನ ಮೇಲೆ ಬಿಟ್ಟರೆ ಆಯ್ತು ಅನ್ನುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅಂಥವರನ್ನು ಬೋಟ್ ಹತ್ತಿಸಬೇಡಿ. ಆ ಜೋಡಣೆ ಬಿಸಿಗೆ ಸಡಿಲವಾಗುತ್ತದೆ, ಹೊಗೆ ಸಂದಿಯಿಂದ ಬರುತ್ತದೆ. ಜೊತೆಗೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ಗೆ ಇಳಿದು ಕೂರುತ್ತದೆ. ನೆಲದ ಮೇಲೆ ಬಳಸಲು ಮಾಡಿದ ಜನರೇಟರ್‌ನಲ್ಲಿ ಕಿಡಿ ಹೊರಬರದ ಹಾಗೆ ತಡೆ ಇರುವುದಿಲ್ಲ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಅನ್ನು ಕ್ಯಾಬಿನ್ ಇರುವ ಪ್ರತಿ ಬೋಟಿಗೂ ಹಾಕಿಸಿ, ಎಸಿ ಇರಲಿ ಬಿಡಲಿ. ಪಕ್ಕದ ಬೋಟಿನ ಹೊಗೆಯೂ ನಿಮ್ಮ ಕಿಟಕಿಗೆ ಬರುತ್ತದಲ್ವಾ? ಮಲಗಿದಾಗ ತಲೆ ಇರುವ ಎತ್ತರದಲ್ಲಿ ಹಾಕಿಸಿ. ಈ ಅನಿಲ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ನೆಲಕ್ಕೆ ಇಳಿಯುವುದಿಲ್ಲ. ಅಲಾರಂ ಕೂಗಿದರೆ ಮೊದಲು ಎಲ್ಲರೂ ಹೊರಗೆ, ಆಮೇಲೆ ಎಂಜಿನ್ ಆಫ್, ಆಮೇಲೆ ಡಾಕ್ಟರ್. ಈಗ ಚೆನ್ನಾಗಿದ್ದೇನೆ ಅನ್ನಿಸಿದರೂ ಡಾಕ್ಟರ್ ಹತ್ತಿರ ಹೋಗಿ. ಅಲಾರಂ ಇದೆಯಲ್ಲ ಅಂತ ಧೈರ್ಯ ಮಾಡಿ ಜನರೇಟರ್ ಓಡಿಸಬೇಡಿ.

ಹಾಗಾದರೆ ತಂಪಿಗೆ ಏನು ಮಾಡಬೇಕು? ಡೆಕ್ ಕೆಳಗಿನ ಕ್ಯಾಬಿನ್‌ಗೆ ಒಂದು ಚದರ ಅಡಿಗೆ ಸುಮಾರು 60 ಬಿಟಿಯು ಲೆಕ್ಕ ಹಾಕುತ್ತಾರೆ. 80 ಚದರ ಅಡಿಗೆ 4,800. ಅಂದರೆ 5,000 ಬಿಟಿಯು ಮೆರೈನ್ ಎಸಿ ಸಾಕು. ಇದು ಹೊರಗಿನ ನೀರಿನಿಂದ ತಣ್ಣಗಾಗುವ ಯಂತ್ರ, ಮಲಗುವ ಹಲಗೆಯ ಕೆಳಗೆ ಕೂರುತ್ತದೆ, ಕ್ಯಾಬಿನ್ ಗಾಳಿಯನ್ನು ಹೊರಗೆ ತಳ್ಳುವುದಿಲ್ಲ. ಓಡುವಾಗ ಸುಮಾರು 500 ವಾಟ್ ತಿನ್ನುತ್ತದೆ. ಜೆಟ್ಟಿಯಲ್ಲಿ ಕಟ್ಟಿ, ದಡದ ಕರೆಂಟ್ ತೆಗೆದುಕೊಂಡು ಮಲಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಲಂಗರು ಹಾಕಿ ಮಲಗುವವರ ಲೆಕ್ಕ ಬೇರೆ. ಇನ್ವರ್ಟರ್ ನಷ್ಟ ಸೇರಿಸಿದರೆ 500 ವಾಟ್‌ಗೆ 12 ವೋಲ್ಟ್ ಬ್ಯಾಟರಿಯಿಂದ 45 ಆಂಪ್ಸ್‌ಗೂ ಜಾಸ್ತಿ ಹೋಗುತ್ತದೆ. 100 ಆಂಪ್ ಅವರ್‌ನ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ ಒಂದು ಗಂಟೆಗೆ ಮುಗಿಯಿತು. ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ ಅಂದುಕೊಂಡರೂ 8 ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಬೇಕು. ಅದಕ್ಕೆ 300 ಆಂಪ್ ಅವರ್‌ನ ಲಿಥಿಯಂ ಬ್ಯಾಟರಿ ಬೇಕು. ಮರುದಿನ ಅದನ್ನು ತುಂಬಿಸುವ ದಾರಿಯೂ ಬೇಕು. 200 ವಾಟ್‌ನ ಸೋಲಾರ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನವೂ ಒಂದು ಯೂನಿಟ್ ಕೊಟ್ಟರೆ ದೊಡ್ಡದು. ಇಷ್ಟಕ್ಕೆ ತಯಾರಿದ್ದರೆ ಮಾಡಿಸಿ, ಚೆನ್ನಾಗಿ ನಡೆಯುತ್ತದೆ. ಇಲ್ಲದಿದ್ದರೆ ಗಾಜುಗಳಿಗೆ ಹೊರಗಿನಿಂದ ಕವರ್ ಹಾಕಿ, ಮುಂದಿನ ಡೆಕ್ ಮೇಲೆ ನೆರಳಿನ ಬಟ್ಟೆ ಕಟ್ಟಿ, ಕ್ಯಾಬಿನ್ ಮೇಲಿನ ಮುಚ್ಚಳದ ಕಿಂಡಿಯನ್ನು (ಹ್ಯಾಚ್) ಗಾಳಿಗೆ ಎದುರಾಗಿ ತೆರೆದಿಡಿ. ಪ್ರತಿಯೊಬ್ಬರಿಗೂ ಒಂದೊಂದು 12 ವೋಲ್ಟ್ ಫ್ಯಾನ್ ಹಾಕಿ. ಸೊಳ್ಳೆಪರದೆ ಮರೆಯಬೇಡಿ. ಮಕ್ಕಳು ಬೆವರುತ್ತಾರೆ, ಆದರೆ ಬೆಳಿಗ್ಗೆ ಏಳುತ್ತಾರೆ.

ಪ್ರಶ್ನೆ: ಮೆರೈನ್ ಎಸಿ ಐದು ನಿಮಿಷ ಓಡಿ ನಿಲ್ಲುತ್ತದೆ. ಮೆಕ್ಯಾನಿಕ್ ಗ್ಯಾಸ್ ಹೋಗಿದೆ ಅಂತ ಎರಡು ಸಲ ತುಂಬಿಸಿದ. ಮತ್ತೆ ಅದೇ ಕಥೆ.

ಉತ್ತರ: ಈ ಗ್ಯಾಸ್ ರೋಗ ಯಾವಾಗ ವಾಸಿಯಾಗುತ್ತದೋ! ಇಂಥ ಎಸಿಯಲ್ಲಿ ಗ್ಯಾಸನ್ನು ಫ್ಯಾಕ್ಟರಿಯಲ್ಲೇ ತುಂಬಿ ಸೀಲ್ ಮಾಡಿರುತ್ತಾರೆ. ಸೋರಿಕೆ ಇಲ್ಲದೆ ಅದು ಖಾಲಿಯಾಗುವುದಿಲ್ಲ. ಜಾಸ್ತಿ ತುಂಬಿಸಿದರೆ ಒತ್ತಡ ಏರಿ ಇನ್ನೂ ಬೇಗ ನಿಲ್ಲುತ್ತದೆ. ಎಸಿ ಹಾಕಿ, ಬೋಟಿನ ಪಕ್ಕ ಬಗ್ಗಿ ನೋಡಿ. ನೀರು ಒಂದೇ ಸಮನೆ ಧಾರೆಯಾಗಿ ಬೀಳುತ್ತಿದೆಯಾ? ಇಲ್ಲದಿದ್ದರೆ ತೊಂದರೆ ನೀರಿನದು. ಮೊದಲು ತಳದ ವಾಲ್ವ್ ಮುಚ್ಚಿ ಜಾಲರಿ ತೊಳೆಯಿರಿ, ಅದರಲ್ಲಿ ಪಾಚಿ, ಪ್ಲಾಸ್ಟಿಕ್ ಚೂರು ಕೂತಿರುತ್ತದೆ. ಆಮೇಲೆ ಪೈಪಿನ ದಾರಿ ನೋಡಿ. ಈ ಪಂಪ್‌ಗಳು ತಾವಾಗಿ ನೀರು ಎಳೆಯುವುದಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ವಾಲ್ವ್, ಜಾಲರಿ, ಪಂಪ್, ಎಸಿ ಹೀಗೆ ಪೈಪ್ ಏರುತ್ತಲೇ ಹೋಗಬೇಕು. ನಡುವೆ ಒಂದು ಕಡೆ ಏರಿ ಇಳಿದರೂ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ನೋಡುವ ಮೊದಲೇ ಗ್ಯಾಸ್ ಸಿಲಿಂಡರ್ ತೆಗೆಯುವವನನ್ನು ಮತ್ತೆ ಕರೆಯಬೇಡಿ. ಈಗಾಗಲೇ ತುಂಬಿದ ಹೆಚ್ಚಿನ ಗ್ಯಾಸನ್ನು ಗೇಜ್ ಹಾಕಿ ನೋಡುವವರಿಂದ ತೆಗೆಸಿ.

ಪ್ರಶ್ನೆ: ಎಸಿ ಪಂಪ್‌ಗೆ ಎಂಜಿನ್‌ನ ನೀರಿನ ಪೈಪಿನಿಂದಲೇ ಕವಲು ತೆಗೆಯಬಹುದಾ?

ಉತ್ತರ: ಇಲ್ಲ. ಎಂಜಿನ್ ಓಡುವಾಗ ಎಸಿಯ ನೀರನ್ನು ಕಿತ್ತುಕೊಳ್ಳುತ್ತದೆ.

ಪ್ರಶ್ನೆ: 12,000 ಬಿಟಿಯು ಹಾಕಿದರೆ ಬೇಗ ತಂಪಾಗಲ್ವಾ?

ಉತ್ತರ: ಬೇಗ ತಂಪಾಗಿ ಬೇಗ ನಿಲ್ಲುತ್ತದೆ. ಗಾಳಿಯ ತೇವ ಇಳಿಯುವುದಿಲ್ಲ, ಹಾಸಿಗೆ ಜಿಗುಟಾಗುತ್ತದೆ, ಬೂಸ್ಟು ಬರುತ್ತದೆ.

ಪ್ರಶ್ನೆ: ಐಸ್ ಬಾಕ್ಸ್‌ಗೆ ಫ್ಯಾನ್ ಕೂರಿಸಿದ ಎಸಿ ವಿಡಿಯೋ ನೋಡಿದೆ. ಕೆಲಸ ಮಾಡುತ್ತದಾ?

ಉತ್ತರ: 10 ಕೆಜಿ ಐಸ್ ಕರಗಿದಾಗ ಎಳೆದುಕೊಳ್ಳುವ ಬಿಸಿ, 5,000 ಬಿಟಿಯು ಎಸಿ 40 ನಿಮಿಷದಲ್ಲಿ ತೆಗೆಯುವಷ್ಟು. ಐಸನ್ನು ಮೀನಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಎಸಿಯಿಂದ ತೊಟ್ಟಿಕ್ಕುವ ನೀರನ್ನು ಎಂಜಿನ್ ಕೋಣೆಗೆ ಬಿಡಬಹುದಾ?

ಉತ್ತರ: ಬಿಡಬಾರದು. ಎಂಜಿನ್ ಹೊಗೆ ಅದೇ ಪೈಪ್ ಹಿಡಿದು ಮೇಲೆ ಬರುತ್ತದೆ. ಹೊರಗೆ ಬಿಡುವಾಗಲೂ ಸೈಲೆನ್ಸರ್ ಬಾಯಿಂದ 3 ಅಡಿಯಾದರೂ ದೂರ ಇರಲಿ.

ಪ್ರಶ್ನೆ: ಜೆಟ್ಟಿಯಲ್ಲಿ ಎಸಿ ಹಾಕಿದರೆ ಟ್ರಿಪ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಅರ್ತ್ ವೈರ್ ಕತ್ತರಿಸಿ ಸರಿ ಮಾಡಿಕೊಟ್ಟ. ಪರವಾಗಿಲ್ಲವಾ?

ಉತ್ತರ: ಅವನು ಸರಿ ಮಾಡಿಲ್ಲ, ಎಚ್ಚರಿಕೆ ಕೊಡುತ್ತಿದ್ದುದನ್ನು ಬಾಯಿ ಮುಚ್ಚಿಸಿದ್ದಾನೆ. ಕರೆಂಟ್ ಎಲ್ಲೋ ಸೋರುತ್ತಿದೆ. ಅದು ಬೋಟಿನ ಲೋಹದ ಭಾಗಗಳಿಗೆ ಹರಿದು ನೀರಿಗೆ ಇಳಿದರೆ ಪಕ್ಕದಲ್ಲಿ ಈಜುವವರ ಕೈಕಾಲು ಹಿಡಿದುಕೊಂಡು ಮುಳುಗುತ್ತಾರೆ. ಸಿಹಿನೀರಿನಲ್ಲಿ ಇದು ಇನ್ನೂ ಅಪಾಯ, ಯಾಕೆಂದರೆ ಸಿಹಿನೀರಿಗಿಂತ ನಮ್ಮ ಮೈಯೊಳಗೆ ಕರೆಂಟ್ ಸಲೀಸಾಗಿ ಹರಿಯುತ್ತದೆ. ಇವತ್ತೇ ದಡದ ಕೇಬಲ್ ಕಿತ್ತಿಡಿ. ಅರ್ತ್ ಮತ್ತೆ ಸೇರಿಸಿ, 30 ಮಿಲಿಆಂಪ್‌ನ ಟ್ರಿಪ್ ಸ್ವಿಚ್ ಹಾಕಿಸಿ, ಸೋರಿಕೆ ಎಲ್ಲಿ ಅಂತ ಹುಡುಕಿಸಿ. ಅದು ಸಿಗುವವರೆಗೆ ಆ ಜೆಟ್ಟಿಯ ಸುತ್ತ ಯಾರನ್ನೂ ನೀರಿಗೆ ಇಳಿಸಬೇಡಿ.