ಬರ್ಕ್ಲಿ ಕ್ಯಾಂಪಸ್‌ಗೆ ಬೆನಾರ್ ಬರೆದ ಪ್ಲಾನ್ ಯಾಕೆ ಕಟ್ಟಲಿಲ್ಲ?

ಅಷ್ಟು ದೊಡ್ಡ ಸ್ಪರ್ಧೆ ನಡೆಸಿ, ಗೆದ್ದವರಿಗೆ ಹಣವನ್ನೂ ಕೊಟ್ಟು, ಆಮೇಲೆ ಆ ಪ್ಲಾನ್ ಕಟ್ಟದೆ ಬಿಟ್ಟಿದ್ದು ಯಾಕೆ ಅಂತ ಕೇಳಿದ್ದೀರಿ. ದುಬಾರಿ ಆಯ್ತು ಅನ್ನೋದು ನಿಜ. ಆದರೆ ನನ್ನ ಪ್ರಕಾರ ಆ ಪ್ಲಾನ್‌ಗೂ ಅಲ್ಲಿನ ನೆಲದ ಇಳಿಜಾರಿಗೂ ಹೊಂದಿಕೆಯೇ ಆಗಲಿಲ್ಲ.

1890ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಈ ಕ್ಯಾಂಪಸ್‌ನಲ್ಲಿ ಕಟ್ಟಡಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಎಲ್ಲವನ್ನೂ ಒಂದು ಚೌಕಟ್ಟಿಗೆ ತರಬೇಕು ಅಂತ ವಾಸ್ತುಶಿಲ್ಪಿ ಬರ್ನಾರ್ಡ್ ಮೇಬೆಕ್ ಪಟ್ಟು ಹಿಡಿದರು. ಅದಕ್ಕಾಗಿ ನಡೆಸಿದ ಸ್ಪರ್ಧೆಯ ಖರ್ಚು ಶ್ರೀಮಂತ ದಾನಿ ಫೀಬಿ ಹರ್ಸ್ಟ್ ಅವರದು. 1898ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮೊದಲ ಸುತ್ತು ನಡೆಯಿತು, ನೂರಕ್ಕೂ ಜಾಸ್ತಿ ಪ್ಲಾನ್ ಬಂದವು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ಯಾರಿಸ್‌ನ ಎಮಿಲ್ ಬೆನಾರ್ ಗೆದ್ದರು. ಬಹುಮಾನ 10,000 ಡಾಲರ್.

ಅವರ ಡ್ರಾಯಿಂಗ್ ನೋಡಿದರೆ ಕಣ್ಣು ಕೀಳೋಕೆ ಆಗಲ್ಲ. ಪಶ್ಚಿಮದ ತಗ್ಗಿನಿಂದ ಪೂರ್ವದ ಬೆಟ್ಟದ ಕಡೆಗೆ ಒಂದೇ ಉದ್ದ ಗೆರೆ, ಅದರ ಅಕ್ಕಪಕ್ಕ ಅಂಗಳಗಳು, ಕಂಬಗಳು, ಗುಮ್ಮಟಗಳು. ಜಿಮ್ನೇಷಿಯಂ ಅಂತೂ ಅರಮನೆ! ಆದರೆ ಇಂಥ ಅಗಲವಾದ, ಎರಡೂ ಕಡೆ ಸಮನಾದ ಅಂಗಳಗಳಿಗೆ ಮಟ್ಟಸ ನೆಲ ಬೇಕು. ಇಲ್ಲಿ ನೆಲ ಏರುತ್ತಾ ಹೋಗುತ್ತೆ, ನಡುವೆ ಸ್ಟ್ರಾಬೆರಿ ಹಳ್ಳ ಹರಿಯುತ್ತೆ. ಕಾಗದದ ಮೇಲೆ ಕಟ್ಟಿದಂತೆ ಕಟ್ಟಬೇಕಾದರೆ ಎಷ್ಟು ಮಣ್ಣು ಅಗೆಯಬೇಕು, ಎಷ್ಟು ತಡೆಗೋಡೆ ಎಬ್ಬಿಸಬೇಕು ಯೋಚಿಸಿ. 1899ರ ಕೊನೆಗೆ ಬೆನಾರ್ ಬರ್ಕ್ಲಿಗೇ ಬಂದು ಪ್ಲಾನ್ ತಿದ್ದಿದರು. ಅಲ್ಲೇ ನಿಂತು ಕಟ್ಟಿಸುವ ಹೊಣೆಯನ್ನು ಮಾತ್ರ ಒಪ್ಪಲಿಲ್ಲ.

ಕೊನೆಗೆ 1901ರಲ್ಲಿ ಕೆಲಸ ಸಿಕ್ಕಿದ್ದು ಅದೇ ಸ್ಪರ್ಧೆಯಲ್ಲಿ ನಾಲ್ಕನೆಯವರಾಗಿದ್ದ ಜಾನ್ ಗೇಲನ್ ಹೊವಾರ್ಡ್‌ಗೆ. ಅವರು ಉದ್ದ ಗೆರೆಯನ್ನು ಇಟ್ಟುಕೊಂಡರು, ಆದರೆ ಗೋಲ್ಡನ್ ಗೇಟ್ ಜಲಸಂಧಿಯ ಕಡೆಗೆ ಸ್ವಲ್ಪ ತಿರುಗಿಸಿದರು. ಇದು ಹೊಸ ಯೋಚನೆಯಲ್ಲ. 1866ರಲ್ಲೇ ಇದೇ ಜಾಗಕ್ಕೆ ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಹೀಗೇ ಪ್ಲಾನ್ ಬರೆದಿದ್ದರು. (ಅದೂ ಕಟ್ಟಲಿಲ್ಲ ಬಿಡಿ.) 1907ರ ಹರ್ಸ್ಟ್ ಮೈನಿಂಗ್ ಕಟ್ಟಡ, 1911ರ ಡೋ ಲೈಬ್ರರಿ, 1914ರ 307 ಅಡಿ ಎತ್ತರದ ಸೇದರ್ ಟವರ್ ಎಲ್ಲವೂ ಹೊವಾರ್ಡ್ ಅವರವೇ.

ಹಾಗಾಗಿ ಬೆನಾರ್ ಪ್ಲಾನ್ ಸುಮ್ನೆ ವ್ಯರ್ಥ ಆಯ್ತು ಅಂತ ನಾನು ಹೇಳಲಾರೆ. ಕಟ್ಟದೇ ಇದ್ದದ್ದೇ ಒಳ್ಳೆಯದಾಯ್ತು ಅಂತಲೂ ಅನಿಸುತ್ತೆ. ಯಾಕಂದ್ರೆ ಸ್ಪರ್ಧೆಯಲ್ಲಿ ಜಾಗವನ್ನು ಖಾಲಿ ಹಾಳೆ ಅಂದುಕೊಂಡೇ ಪ್ಲಾನ್ ಬರೆಯಬೇಕಿತ್ತು, ಅಲ್ಲಿದ್ದ ಕಟ್ಟಡಗಳು ಲೆಕ್ಕಕ್ಕಿರಲಿಲ್ಲ. ಅವುಗಳಲ್ಲಿ ಒಂದು, 1873ರ ಸೌತ್ ಹಾಲ್, ಈಗಲೂ ಟವರ್ ಪಕ್ಕದಲ್ಲೇ ಇದೆ.