ಕ್ರಿಕೆಟ್‌ನಲ್ಲಿ ಮೊದಲು ಅಂಡರ್ ಆರ್ಮ್ ಬೌಲಿಂಗ್ ಮಾತ್ರ ಇತ್ತಂತೆ, ನಿಜವಾ? ಅದು ಯಾವಾಗ, ಯಾಕೆ ಬದಲಾಯಿತು?

ನಿಜ. ಕೈಯನ್ನು ಮೇಲೆತ್ತದೆ ಕೆಳಗಿನಿಂದ ಬೀಸಿ ಬಾಲ್ ಹಾಕುವುದೇ ಅಂಡರ್ ಆರ್ಮ್. ಅದೂ ಒಂದೆರಡು ವರ್ಷ ಅಲ್ಲ, ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ.

ನನ್ನ ಊರು ಅಂಕೋಲಾ ಹತ್ತಿರ. ಮಳೆಗಾಲ ಮುಗಿದು ಗದ್ದೆ ಕೊಯ್ಲಾಯಿತು ಅಂದರೆ ನಮ್ಮ ಕಡೆ ‘ಹೊನಲು ಬೆಳಕಿನ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾವಳಿ’ಯ ಬ್ಯಾನರ್‌ಗಳು ಏಳುತ್ತವೆ. ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಕ್ರಿಕೆಟ್‌ನ ಮೊದಲ ಗಟ್ಟಿ ದಾಖಲೆ ಸಿಗುವುದು ಒಂದು ಜಮೀನು ತಕರಾರಿನಲ್ಲಿ. (ನಮ್ಮ ಜಿಲ್ಲೆಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ.) ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ 1597ರಲ್ಲಿ ಜಾನ್ ಡೆರಿಕ್ ಎಂಬವರು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು: ತಾನು ಶಾಲೆಗೆ ಹೋಗುವಾಗ ಈ ಜಾಗದಲ್ಲೇ ಕ್ರಿಕೆಟ್ ಆಡುತ್ತಿದ್ದೆ ಅಂತ. ಅಂದರೆ ಹೆಚ್ಚುಕಡಿಮೆ 1550ರ ಮಾತು.

ಆಗ ಬಾಲ್ ಅನ್ನು ನೆಲದ ಮೇಲೆ ಉರುಳಿಸುತ್ತಿದ್ದರು. ಬ್ಯಾಟ್ ಕೂಡ ಹಾಕಿ ಆಟದ ಕೋಲಿನ ಹಾಗೆ ಕೆಳಗೆ ಬಾಗಿರುತ್ತಿತ್ತು. ಅದು ಯಾಕೆ ಹಾಗಿತ್ತು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ. ಸಣ್ಣವರಿದ್ದಾಗ ನಾವು ತೆಂಗಿನ ಮಡಲಿನ ದಪ್ಪ ಬುಡ ಕಡಿದು ಬ್ಯಾಟ್ ಮಾಡಿಕೊಳ್ಳುತ್ತಿದ್ದೆವು. ಸಮುದ್ರ ಇಳಿತವಾದಾಗ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಅಲ್ಲಿ ಉರುಳಿ ಬರುವ ಬಾಲಿಗೆ ಆ ಸೊಟ್ಟ ಬ್ಯಾಟ್ ಸಾಕು. ಯಾರಾದರೂ ಬಾಲ್ ಪಿಚ್ ಹಾಕಿ, ಅಂದರೆ ನೆಲಕ್ಕೆ ಪುಟಿಸಿ ಎಬ್ಬಿಸಿದರೋ, ಮಡಲಿನ ಬ್ಯಾಟ್ ಗಾಳಿ ಬೀಸುವುದಕ್ಕೇ ಸೈ. ಇಂಗ್ಲೆಂಡಿನಲ್ಲೂ ಆದದ್ದು ಇದೇ. 1760ರ ಸುಮಾರಿಗೆ ಬೌಲರ್‌ಗಳು ಕೈ ಕೆಳಗಿನಿಂದಲೇ ಬಾಲ್ ತೂರಿ ಪಿಚ್ ಮಾಡತೊಡಗಿದರು. ಬಾಗಿದ ಬ್ಯಾಟ್ ನೇರವಾಯಿತು.

ಆಮೇಲಿನ ಇತಿಹಾಸವನ್ನು ನಾನು ಹೀಗೆ ಓದುತ್ತೇನೆ: ಒಬ್ಬ ಏನೋ ಒಂದು ಉಪಾಯ ಹುಡುಕುತ್ತಾನೆ, ಇನ್ನೊಬ್ಬ ತಕರಾರು ಎತ್ತುತ್ತಾನೆ, ನಿಯಮ ಹುಟ್ಟುತ್ತದೆ. 1771ರಲ್ಲಿ ಥಾಮಸ್ ವೈಟ್ ಎಂಬ ಆಟಗಾರ ವಿಕೆಟ್‌ನಷ್ಟೇ ಅಗಲದ ಬ್ಯಾಟ್ ಹಿಡಿದು ಬಂದ. ಅದಾದ ಮೇಲೆ ಬ್ಯಾಟಿನ ಅಗಲ ನಾಲ್ಕೂ ಕಾಲು ಇಂಚು ಅಂತ ನಿಗದಿಯಾಯಿತು. ಇವತ್ತಿಗೂ ಅಷ್ಟೇ. ಆಗ ಸ್ಟಂಪ್ ಎರಡೇ ಇದ್ದವು. 1775ರಲ್ಲಿ ಲಂಪಿ ಸ್ಟೀವನ್ಸ್ ಎಂಬ ಬೌಲರ್ ಹಾಕಿದ ಬಾಲ್ ಮೂರು ಸಲ ಆ ಎರಡರ ಮಧ್ಯದಿಂದಲೇ ತೂರಿ ಹೋಯಿತು, ಬ್ಯಾಟ್ಸ್‌ಮನ್ ಜಾನ್ ಸ್ಮಾಲ್ ಔಟಾಗಲಿಲ್ಲ! ಬೌಲರ್‌ಗೆ ಎಷ್ಟು ಉರಿದಿರಬೇಡ. ಮೂರನೇ ಸ್ಟಂಪ್ ಬಂದದ್ದು ಅದರ ನಂತರ. ನಾವು ಅಡಿಕೆ ದಬ್ಬೆ ಸೀಳಿ ನೆಡುವಾಗ ಎರಡೇ ಸಿಕ್ಕರೆ ಜಗಳ ಗ್ಯಾರಂಟಿ ಇರುತ್ತಿತ್ತು, ಅದೇ ಕಾರಣಕ್ಕೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಬ್ಯಾಟ್ ನೇರವಾಗಿ, ಪಿಚ್ ಸುಧಾರಿಸಿದ ಮೇಲೆ ಅಂಡರ್ ಆರ್ಮ್ ಬೌಲಿಂಗ್ ಹೊಡೆಯುವುದು ಸುಲಭವಾಯಿತು. ಬೌಲರ್‌ಗಳು ಕೈಯನ್ನು ಪಕ್ಕಕ್ಕೆ ಚಾಚಿ, ಭುಜದ ಎತ್ತರದ ತನಕ ತಂದು ಬಾಲ್ ಹಾಕಲು ನೋಡಿದರು. ಕೆಂಟ್‌ನ ಜಾನ್ ವಿಲ್ಸ್ ಅವರಲ್ಲಿ ಹಠಮಾರಿ. ಅವನ ತಂಗಿಗೆ ಅಗಲದ ಲಂಗ ಅಡ್ಡ ಬಂದು ಹಾಗೆ ಬಾಲ್ ಹಾಕುತ್ತಿದ್ದಳು, ಅವಳಿಂದ ಕಲಿತ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಚಂದದ ಕಥೆ, ಆದರೆ ನಂಬಬೇಡಿ. ಆಗ ಅಂಥ ಲಂಗದ ಫ್ಯಾಷನ್ನೇ ಇರಲಿಲ್ಲ. 1822ರಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಅಂಪೈರ್ ಅವನಿಗೆ ನೋ ಬಾಲ್ ಕೊಟ್ಟರು. ಅವನು ಬಾಲ್ ಬಿಸಾಕಿ ಕುದುರೆ ಹತ್ತಿ ಹೊರಟೇ ಹೋದನಂತೆ. ನಮ್ಮೂರ ಪಂದ್ಯದಲ್ಲೂ ಒಬ್ಬ ಹೀಗೇ ಸಿಟ್ಟು ಮಾಡಿ ಹೋದದ್ದನ್ನು ನೋಡಿದ್ದೇನೆ, ಕುದುರೆ ಬದಲು ಬೈಕ್ ಇತ್ತು ಅಷ್ಟೇ.

1828ರಲ್ಲಿ ನಿಯಮ ಬರೆಯುವವರು ಕೈಯನ್ನು ಮೊಣಕೈ ಎತ್ತರದ ತನಕ ತರಲು ಒಪ್ಪಿದರು. 1835ರಲ್ಲಿ ಭುಜದ ತನಕ. ಬೌಲರ್‌ಗಳು ಅಲ್ಲಿಗೂ ನಿಲ್ಲಲಿಲ್ಲ. 1862ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಬೌಲರ್ ಎಡ್ಗರ್ ವಿಲ್ಶರ್‌ಗೆ ಸಾಲಾಗಿ ಆರು ನೋ ಬಾಲ್ ಬಿತ್ತು. ಅವರೂ ಮೈದಾನ ಬಿಟ್ಟು ನಡೆದರು, ತಂಡದ ಉಳಿದ ವೃತ್ತಿಪರ ಆಟಗಾರರೂ ಹಿಂದೆಯೇ ಹೋದರು. ಎರಡೇ ವರ್ಷ, 1864ರಲ್ಲಿ ಕೈ ತಲೆ ಮೇಲೆ ಎತ್ತಲು ಅನುಮತಿ ಸಿಕ್ಕಿತು. 1877ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ನಡೆಯುವಾಗ ನಾವು ಇಂದು ನೋಡುವಂಥ ಬೌಲಿಂಗ್‌ಗೆ ಆಗಲೇ ಅನುಮತಿ ಇತ್ತು.

ಇಷ್ಟು ತಡ ಯಾಕಾಯಿತು? ನನ್ನ ಅಭಿಪ್ರಾಯ ಹೇಳುತ್ತೇನೆ. ನಿಯಮ ಬರೆಯುತ್ತಿದ್ದವರು ಸಾಹೇಬರು, ಅವರಿಗೆ ಬ್ಯಾಟಿಂಗ್ ಇಷ್ಟ. ಬೆವರು ಸುರಿಸಿ ಬಾಲ್ ಹಾಕುತ್ತಿದ್ದವರು ಹೆಚ್ಚಿನವರು ದುಡ್ಡಿಗೆ ಆಡುವವರು. ಭಾರತದಲ್ಲೂ ಇದೇ ಕಥೆ, ಜೊತೆಗೆ ಜಾತಿ ಬೇರೆ. ಘಟ್ಟ ಹತ್ತಿದರೆ ಸಿಗುವ ಧಾರವಾಡದಲ್ಲಿ ಹುಟ್ಟಿದ ದಲಿತ ಆಟಗಾರ ಪಾಲ್ವಂಕರ್ ಬಾಲೂ ಪುಣೆಯ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುತ್ತಾ ಆಂಗ್ಲರಿಗೆ ಗಂಟೆಗಟ್ಟಲೆ ಬಾಲ್ ಹಾಕಿದರು. ಆದರೆ ನೆಟ್ಸ್‌ನಲ್ಲಿ ಬ್ಯಾಟ್ ಕೊಡುತ್ತಿರಲಿಲ್ಲವಂತೆ. ಅದೇ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಜಾಸ್ತಿ ವಿಕೆಟ್ ತೆಗೆದರು.

ಅಂಡರ್ ಆರ್ಮ್ ಮಾತ್ರ ನಿಯಮದಲ್ಲಿ ಸುಮ್ನೆ ಉಳಿದುಕೊಂಡಿತ್ತು. 1981ರಲ್ಲಿ ಒಂದು ದಿನದ ಪಂದ್ಯವೊಂದರ ಕೊನೆಯ ಬಾಲಿಗೆ ಟೈ ಮಾಡಿಕೊಳ್ಳಲು ನ್ಯೂಜಿಲೆಂಡ್‌ಗೆ ಆರು ರನ್ ಬೇಕಿತ್ತು. ಆಸ್ಟ್ರೇಲಿಯಾದ ಕ್ಯಾಪ್ಟನ್ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್‌ಗೆ ಬಾಲನ್ನು ಅಂಡರ್ ಆರ್ಮ್ ಆಗಿ ನೆಲದಲ್ಲಿ ಉರುಳಿಸಲು ಹೇಳಿದರು. ಎರಡೂ ದೇಶದ ಪ್ರಧಾನಿಗಳು ಬೈದರು. ಆಮೇಲೆ ಒಂದು ದಿನದ ಪಂದ್ಯದಲ್ಲಿ ಅದಕ್ಕೆ ನಿಷೇಧ ಬಿತ್ತು.

ನಮ್ಮೂರ ಶಾಲೆ ಮೈದಾನದಲ್ಲಿ ಎಲ್ಲ ಉಲ್ಟಾ, ಕೈ ಮೇಲೆ ಹೋದರೆ ಅಂಪೈರ್ ನೋ ಬಾಲ್ ಕೊಡುತ್ತಾರೆ. ಡಿಸೆಂಬರ್ ಮೇಲೆ ಈ ಕಡೆ ಬಂದರೆ ಒಂದು ರಾತ್ರಿ ನೋಡಿಹೋಗಿ. ಸೊಳ್ಳೆ ಇರುತ್ತದೆ, ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬನ್ನಿ.