ಕುಡಿತ ಬಿಟ್ಟ ಮೂರನೇ ದಿನ ಕಾಲು ಏಳಲಿಲ್ಲ

ಇದು ನನ್ನ ಬಳಿ ಸಲಹೆಗೆ ಬರುವ ಒಬ್ಬರ ಕಥೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರಿಗೆ 44 ವರ್ಷ. ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಹದಿನೈದು ವರ್ಷದಿಂದ ದಿನಾ ಕುಡಿತ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಮುಟ್ಟುವುದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟು, ಒಂದೇ ಸಲಕ್ಕೆ ಬಿಟ್ಟರು.

ಎರಡನೇ ದಿನ ಹೆಂಡತಿ ಫೋನ್ ಮಾಡಿದರು. ಕೈ ನಡುಕ, ಬೆವರು, ವಾಂತಿ. ಆಸ್ಪತ್ರೆಗೆ ಹೋಗಿ ಎಂದೆ. ಕೊಯ್ಲಿನ ಸಮಯ, ನಾಳೆ ನೋಡೋಣ ಅಂದರು. ನಾನು ಒತ್ತಾಯ ಮಾಡಲಿಲ್ಲ. ಮಾಡಲೇಬೇಕಿತ್ತು.

ಮಾರನೇ ಬೆಳಿಗ್ಗೆ ಪಾಯಿಖಾನೆಯಲ್ಲಿ ಕೂತವರಿಗೆ ಏಳಲು ಆಗಲಿಲ್ಲ. ತೊಡೆಯಲ್ಲಿ ಶಕ್ತಿಯೇ ಇಲ್ಲ, ಮೀನಖಂಡ ಹಿಡಿದುಕೊಂಡಿದೆ. “ಮೈಗೆ ಅಭ್ಯಾಸ ಆಗಿಬಿಟ್ಟಿದೆ ಮೇಡಂ, ಒಂದು ಪೆಗ್ ಹೋದರೆ ಎದ್ದು ನಿಲ್ತಾನೆ” ಎಂದು ಅವರ ಅಣ್ಣ ಗ್ಲಾಸ್ ಹಿಡಿದೇ ನನ್ನ ಜೊತೆ ಫೋನಿನಲ್ಲಿ ಮಾತಾಡಿದರು. ಆಗ ನಾನು ಗಟ್ಟಿಯಾಗಿ ಹೇಳಿದೆ: ಬೇಡ, 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ನೋಡಿದರೆ, ಸ್ನಾಯು ಕೆಲಸ ಮಾಡಲು ಬೇಕಾದ ಪೊಟ್ಯಾಸಿಯಂ ಎಂಬ ಲವಣ ರಕ್ತದಲ್ಲಿ 2.6 ಇತ್ತು. 3.5ರಿಂದ 5 ಇರಬೇಕು. ಮೆಗ್ನೀಸಿಯಂ ಕೂಡ ಕಡಿಮೆ. ಸರಿಯಾಗಿ ಊಟ ಮಾಡದೆ ಕುಡಿದಿದ್ದು, ಮೇಲೆ ವಾಂತಿ. ಮೆಗ್ನೀಸಿಯಂ ಇಳಿದರೆ ಕಿಡ್ನಿ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಬಿಡುತ್ತಲೇ ಇರುತ್ತದೆ. ಹಾಗಾಗಿ ಎರಡನ್ನೂ ತುಂಬಬೇಕಾಯಿತು. ಕಾಲಿನ ಮಾತು ಬಿಡಿ, ಇಷ್ಟು ಇಳಿದರೆ ಹೃದಯದ ಬಡಿತವೇ ತಪ್ಪಬಹುದು.

ನಮ್ಮ ಕಡೆ ‘ಸುಮ್ನೆ ಒಂದು ಗ್ಲೂಕೋಸ್ ಹಾಕ್ಸಿ’ ಅನ್ನುವುದು ಜಾಸ್ತಿ. ಬರೀ ಗ್ಲೂಕೋಸ್ ಏರಿಸಿದರೆ ಪೊಟ್ಯಾಸಿಯಂ ಜೀವಕೋಶದೊಳಗೆ ಹೋಗಿ ರಕ್ತದಲ್ಲಿ ಇನ್ನೂ ಇಳಿಯುತ್ತದೆ. ಕುಡಿತದಿಂದ ಬಿ1 ವಿಟಮಿನ್ ಕಡಿಮೆಯಾದವರ ಮೆದುಳಿಗೂ ಅಪಾಯ. ಎಷ್ಟು ವರ್ಷದ ಕುಡಿತ, ಯಾವಾಗ ಬಿಟ್ಟಿದ್ದು, ಎಲ್ಲವನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ವಾರದ ನಂತರ ಅವರೇ ಬಂದರು. “ನನ್ನ ಮೈಗೆ ಕುಡಿತ ಬೇಕೇ ಬೇಕು ಅಂತ ಆಯ್ತಲ್ವಾ ಮೇಡಂ?” ಈ ಮಾತಿಗೇ ನಾನು ಹೆಚ್ಚು ಹೊತ್ತು ಕೊಟ್ಟೆ. ಅಲ್ಲ, ನಿಮ್ಮ ಮೈ ಕೇಳಿದ್ದು ಪೊಟ್ಯಾಸಿಯಂನಂಥ ಲವಣ, ಊಟ ಎಂದೆ. ಪೆಗ್ ಹಾಕಿದ್ದರೆ ನಡುಕ ನಿಲ್ಲುತ್ತಿತ್ತೇನೋ, ಕಾಲಿಗೆ ಬಲ ಬರುತ್ತಿರಲಿಲ್ಲ. ನೀವು ಬಿಟ್ಟಿದ್ದು ತಪ್ಪಲ್ಲ, ಒಬ್ಬರೇ ಬಿಟ್ಟಿದ್ದು ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದಿತ್ತು, ಆಮೇಲೆ ಭ್ರಮೆ, ಗಲಿಬಿಲಿ. ಅದಕ್ಕೆ ಔಷಧಿ ಇದೆ.

ಬಾಳೆಹಣ್ಣು, ಕಿತ್ತಳೆ, ಎಳನೀರು, ಸೊಪ್ಪು ದಿನಾ ತಿನ್ನಿ ಎಂದೆ. ಪೊಟ್ಯಾಸಿಯಂ ಸಿರಪ್ ಮಾತ್ರ ಡಾಕ್ಟರ್ ಹೇಳಿದಷ್ಟೇ, ಜಾಸ್ತಿಯಾದರೂ ಹೃದಯಕ್ಕೆ ಕೆಟ್ಟದ್ದು. ರಾತ್ರಿ ಕುಡಿಯುವ ಆಸೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಹೋದ ಸಲ ಅಣ್ಣನೂ ಜೊತೆಗೆ ಬಂದಿದ್ದರು.